ಸೀಸದ ಗುಂಡು: ಕಾನೂನು ಬೇಕಾ, ಹೇಳಿದರೆ ಸಾಕಾ?

ಗದ್ದೆಬಾತು:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಎಕ್ಸ್‌ರೇ ಚಿತ್ರ ತಲೆಯಿಂದ ಹೋಗುತ್ತಿಲ್ಲ. ರೈಫಲ್‌ನಲ್ಲಿ ಹೊಡೆದ ಜಿಂಕೆಯದ್ದು. ಪಕ್ಕೆಲುಬುಗಳು ಸಾಲಾಗಿ ಕಾಣುತ್ತವೆ. ಅವುಗಳ ನಡುವೆ ಬಿಳಿ ಚುಕ್ಕೆಗಳು, ಯಾರೋ ಒಂದು ಹಿಡಿ ರವೆ ಚೆಲ್ಲಿದ ಹಾಗೆ. ಗುಂಡು ಹೊಕ್ಕ ಜಾಗದಲ್ಲಿ ದಟ್ಟ, ಆಚೆ ಹೋದಂತೆ ತೆಳು. ಒಂದು ಗೇಣು ದೂರ ಹೋದರೂ ಮುಗಿಯುವುದೇ ಇಲ್ಲ. ಆ ಚುಕ್ಕೆಗಳೆಲ್ಲ ಸೀಸ.

2009ರಲ್ಲಿ ಅಮೆರಿಕದಲ್ಲಿ ಹೀಗೆ 30 ಜಿಂಕೆಗಳ ಎಕ್ಸ್‌ರೇ ತೆಗೆದು ಒಂದು ಅಧ್ಯಯನ ಪ್ರಕಟಿಸಿದರು. ಮೂವತ್ತರಲ್ಲೂ ಲೋಹದ ಚೂರು ಸಿಕ್ಕಿತು. ಸರಾಸರಿ ಒಂದರಲ್ಲಿ 136, ಅತಿ ಹೆಚ್ಚು ಅಂದರೆ 409. ವಿಶೇಷ ಗುಂಡೇನಲ್ಲ. ಮಾಮೂಲಿ ಬೇಟೆ, ಮಾಮೂಲಿ ತೋಟಾ.

ಬೇಟೆಗಾರ ಮಾಂಸ ತೆಗೆದುಕೊಂಡು ಹೋಗುತ್ತಾನೆ. ಕರುಳು, ಶ್ವಾಸಕೋಶ ಎಲ್ಲ ಅಲ್ಲೇ ಬಿಡುತ್ತಾನೆ. ಅದನ್ನು ಹದ್ದು, ರಣಹದ್ದು, ಕಾಗೆ, ನರಿ ತಿನ್ನುತ್ತವೆ. ಜೊತೆಗೆ ಆ ಸೀಸವನ್ನೂ, ಅದು ವಿಷ. ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ: ಇದನ್ನು ಇನ್ನೂ ಯಾಕೆ ನಿಲ್ಲಿಸಿಲ್ಲ? ಪೆಟ್ರೋಲಿನಿಂದ ಸೀಸ ಹೋಯಿತು, ಬಣ್ಣದಿಂದ ಹೋಯಿತು, ನೀರಿನ ಪೈಪಿನಿಂದ ಹೋಯಿತು. ಗುಂಡಿನಲ್ಲಿ ಮಾತ್ರ ಯಾಕೆ ಕೂತಿದೆ?

ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ಅದಕ್ಕೆ ಬೇರೆ ಎಳೆಗಳಿವೆ, ಅಲ್ಲಿ ಈಗಾಗಲೇ ಸಾಕಷ್ಟು ಜಗಳ ಆಗಿದೆ. ಬೇಟೆ ಕಾನೂನುಬದ್ಧವಾಗಿರುವ ಜಾಗಗಳಲ್ಲಿ ಸೀಸ ಇರಬೇಕಾ ಬೇಡ್ವಾ, ಅಷ್ಟೇ ಪ್ರಶ್ನೆ.

ಬರೀಪ್ರಶ್ನೆ:

ಎರಡು ಪೆದ್ದು ಪ್ರಶ್ನೆ, ನಗಬೇಡಿ. ಒಂದು, ಗುಂಡು ಒಂದೇ ತುಂಡಾಗಿ ಒಳಗೆ ಹೋಗಿ ಆಚೆ ಬರುವುದಿಲ್ವಾ? ಸಿನಿಮಾದಲ್ಲಿ ಇಕ್ಕಳ ಹಾಕಿ ಒಂದೇ ತುಂಡು ತೆಗೆದು ತಟ್ಟೆಗೆ ಹಾಕುತ್ತಾರಲ್ಲ, ಟಣ್ ಅಂತ ಸದ್ದು ಬೇರೆ. ಎರಡು, ಹದ್ದು ಮಾಂಸದ ಜೊತೆ ತಿನ್ನುತ್ತದೆ, ಅರ್ಥವಾಯಿತು. ಆದರೆ ಬಾತುಕೋಳಿಗಳೂ ಸೀಸದಿಂದ ಸಾಯುತ್ತವೆ ಅಂತ ಎಲ್ಲೋ ಓದಿದ್ದೆ. ಅವು ಜಿಂಕೆ ತಿನ್ನುವುದಿಲ್ಲವಲ್ಲ?

ಲೋಹಪಾಕ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ, ಲೋಹಗಳ ಜೊತೆ ಇಪ್ಪತ್ತು ವರ್ಷದ ಸಂಸಾರ ನನ್ನದು.

ಸೀಸ ಮೆತ್ತಗಿನ ಲೋಹ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ರೈಫಲ್ ಗುಂಡಿಗೆ ಮೇಲೆ ತೆಳ್ಳಗೆ ತಾಮ್ರದ ಕವಚ, ಒಳಗೆ ಸೀಸ. ಅದು ಸೆಕೆಂಡಿಗೆ ಏಳುನೂರು, ಎಂಟುನೂರು ಮೀಟರ್ ವೇಗದಲ್ಲಿ ಬಂದು ಮೂಳೆಗೋ ಒದ್ದೆ ಮಾಂಸಕ್ಕೋ ಬಡಿದಾಗ ಅಣಬೆಯ ಹಾಗೆ ಅರಳುತ್ತದೆ. ಅರಳಲಿ ಅಂತಲೇ ಮಾಡಿರುವುದು, ಆಗ ಪ್ರಾಣಿ ಬೇಗ ಬೀಳುತ್ತದೆ. ಅರಳುವಾಗ ಅಂಚು ಹರಿದು ಪುಡಿಯಾಗುತ್ತದೆ. ತೂಕದಲ್ಲಿ ನೂರಕ್ಕೆ ಇಪ್ಪತ್ತು, ಮೂವತ್ತು ಪಾಲು ಹೀಗೆ ಉದುರಿ ಹೋಗುವುದುಂಟು. ಎಕ್ಸ್‌ರೇಯಲ್ಲಿ ಕಂಡ ರವೆ ಅದೇ. ಪೂರ್ತಿ ತಾಮ್ರದ ಗುಂಡು ಕೂಡ ಅರಳುತ್ತದೆ, ಆದರೆ ಹೂವಿನ ಎಸಳಿನ ಹಾಗೆ ಬಿಚ್ಚಿಕೊಂಡು ಬಹುಪಾಲು ಒಂದೇ ತುಂಡಾಗಿ ಉಳಿಯುತ್ತದೆ. ನಿಮ್ಮ ಸಿನಿಮಾದ ಟಣ್ ಸದ್ದಿಗೆ ಅದು ಲಾಯಕ್ಕು.

ಹಾಗಾದರೆ ಸೀಸವನ್ನೇ ಯಾಕೆ ಹಿಡಿದರು? ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ. ತಾಮ್ರ 8.9, ಸ್ಟೀಲ್ 7.8. ಭಾರ ಜಾಸ್ತಿ ಇದ್ದರೆ ಗಾಳಿಯಲ್ಲಿ ವೇಗ ಬೇಗ ಕಳೆಯುವುದಿಲ್ಲ. ಜೊತೆಗೆ ಬರೀ 327 ಡಿಗ್ರಿಗೆ ಕರಗುತ್ತದೆ. ಬ್ರಿಸ್ಟಲ್‌ನಲ್ಲಿ ವಿಲಿಯಂ ವಾಟ್ಸ್ ಅಂತ ಒಬ್ಬ ಪ್ಲಂಬರ್ ಇದ್ದ. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬಿಟ್ಟರೆ ಬೀಳುತ್ತಾ ಬೀಳುತ್ತಾ ದುಂಡಗಿನ ಚರೆ (ಹಕ್ಕಿ ಹೊಡೆಯುವ ಕೋವಿಯ ಸಣ್ಣ ಕಾಳುಗಳು) ಆಗುತ್ತದೆ ಅಂತ ಕಂಡುಕೊಂಡು 1782ರಲ್ಲಿ ಪೇಟೆಂಟ್ ತೆಗೆದುಕೊಂಡ. ಅದಕ್ಕೋಸ್ಕರ ತನ್ನ ಮನೆಯನ್ನೇ ಗೋಪುರ ಮಾಡಿದ ಮಹಾನುಭಾವ. ಮಳೆಹನಿಯಷ್ಟು ಸುಲಭದಲ್ಲಿ ತಯಾರಾಗುವ ಚರೆ. ಇಷ್ಟು ಅಗ್ಗದ, ಇಷ್ಟು ಹೊಂದಿಕೊಳ್ಳುವ ಲೋಹವನ್ನು ಯಾರು ತಾನೇ ಬಿಡುತ್ತಾರೆ ಹೇಳಿ.

ರೆಕ್ಕೆವೈದ್ಯೆ:

ಬಾತುಕೋಳಿ ಪ್ರಶ್ನೆ ನನಗೆ ಬಿಡಿ. ನಾನು ಪಶುವೈದ್ಯೆ, ಹಕ್ಕಿಗಳನ್ನೇ ಜಾಸ್ತಿ ನೋಡುವುದು.

ಹಕ್ಕಿಗೆ ಹಲ್ಲಿಲ್ಲ. ಕಾಳು ಅರೆಯಲು ಹೊಟ್ಟೆಯಲ್ಲಿ ಗಟ್ಟಿ ಸ್ನಾಯುವಿನ ಒಂದು ಚೀಲ ಇರುತ್ತದೆ. ಅದರೊಳಗೆ ಬೀಸುಕಲ್ಲಿನ ಕೆಲಸಕ್ಕೆ ಸಣ್ಣ ಸಣ್ಣ ಹರಳುಕಲ್ಲು ಬೇಕು. ಅದನ್ನು ಕೆರೆಯ ತಳದ ಕೆಸರಿನಿಂದ ಹೆಕ್ಕಿಕೊಳ್ಳುತ್ತದೆ. ಕೋವಿಯ ಒಂದು ತೋಟಾದಲ್ಲಿ ನೂರಾರು ಚರೆ, ಹಕ್ಕಿಗೆ ತಾಗುವುದು ನಾಲ್ಕೈದು. ಉಳಿದದ್ದು ನೀರಿಗೆ. ಹತ್ತಾರು ವರ್ಷ ಬೇಟೆಯಾದ ಕೆರೆಯ ತಳದಲ್ಲಿ ಎಷ್ಟಿರಬಹುದು, ಯೋಚಿಸಿ. ಬಾತುಕೋಳಿ ಹರಳು ಅಂತ, ಬೀಜ ಅಂತ ಅದನ್ನೇ ನುಂಗುತ್ತದೆ. ಒಳಗೆ ಬೀಸುಕಲ್ಲು ತಿರುಗುತ್ತದೆ, ಆಮ್ಲ ಸೇರುತ್ತದೆ, ಸೀಸ ತೇದು ರಕ್ತಕ್ಕೆ ಹೋಗುತ್ತದೆ. ಒಂದೇ ಒಂದು ಚರೆ ಸಾಕು, ಒಂದು ಬಾತು ಸಾಯಲು.

ಒಮ್ಮೆ ಒಂದು ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು. ಗಾಯ ಇಲ್ಲ, ಮೂಳೆ ಮುರಿದಿಲ್ಲ. ರೆಕ್ಕೆ ಮಾತ್ರ ಎರಡೂ ಕಡೆ ಮನೆಯ ಮಾಡಿನ ಹಾಗೆ ಇಳಿಬಿದ್ದಿತ್ತು. ಹಿಕ್ಕೆ ಹಚ್ಚ ಹಸಿರು. ಎದೆ ಮುಟ್ಟಿದರೆ ಮಧ್ಯದ ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಸಿಗುತ್ತಿತ್ತು. ಆದರೆ ಹೊಟ್ಟೆ ತುಂಬ ಆಹಾರ! ಸ್ನಾಯು ನಿಂತುಹೋಗಿ ಆಹಾರ ಕೆಳಗೆ ಇಳಿಯುತ್ತಿರಲಿಲ್ಲ. ಉಂಡ ಊಟ ಗಂಟಲಲ್ಲಿರುವಾಗಲೇ ಉಪವಾಸ ಸಾಯುವುದು ಅಂದರೆ ಇದು. ಎರಡು ದಿನ ಇತ್ತು.

ಬೇಟೆಗಾರನ ಗುಂಡಿಗೆ ಸತ್ತ ಹಕ್ಕಿ ಲೆಕ್ಕಕ್ಕೆ ಬರುತ್ತದೆ. ಇದು ಪೊದೆಯಲ್ಲಿ ಹೋಗಿ ಸಾಯುತ್ತದೆ. ನರಿ ತಿಂದು ಮುಗಿಸುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಹಳೇಕೋವಿ:

ಇಲ್ಲಿ ಎಲ್ಲರೂ ಒಂದೇ ಕಡೆ ಕೂತಿದ್ದೀರಿ. ತಕ್ಕಡಿಯ ಇನ್ನೊಂದು ತಟ್ಟೆಗೆ ನಾನೊಬ್ಬ ಬರುತ್ತೇನೆ.

ನಾನಿರುವ ಕಡೆ ಲೈಸೆನ್ಸ್ ಇದ್ದರೆ ಜಿಂಕೆ ಬೇಟೆಗೆ ಅವಕಾಶ ಇದೆ. ಮೂವತ್ತು ವರ್ಷದಿಂದ ಹೋಗುತ್ತಿದ್ದೇನೆ. ನಾನು ಹಕ್ಕಿಗಳ ಶತ್ರು ಅಲ್ಲ. ಅಮೆರಿಕದ ಲೆಕ್ಕವನ್ನೇ ತೆಗೆದುಕೊಳ್ಳಿ. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬೇಟೆ ಕೋವಿ ಮತ್ತು ತೋಟಾಗಳ ಮೇಲೆ ನೂರಕ್ಕೆ 11ರ ತೆರಿಗೆ ಇದೆ. ಅದು ನೇರವಾಗಿ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಬೇಟೆಗಾರರು ಕಡಿಮೆಯಾದರೆ ಆ ದುಡ್ಡೂ ಕಡಿಮೆ. ಟೀಕೆ ಮಾಡುವವರು ಎಷ್ಟು ಕೊಡುತ್ತಾರೆ?

ಹದ್ದುಗಳ ವಿಷಯಕ್ಕೆ ಬನ್ನಿ. ಬಿಳಿ ತಲೆಯ ಬಾಲ್ಡ್ ಈಗಲ್ 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ 417 ಜೋಡಿ ಇತ್ತು. 2019ರ ಲೆಕ್ಕದಲ್ಲಿ 71,400 ಜೋಡಿ. ಅಷ್ಟೂ ವರ್ಷ ನಾವು ಸೀಸವನ್ನೇ ಹೊಡೆಯುತ್ತಿದ್ದೆವು. ಸೀಸ ಅಷ್ಟು ಕೆಟ್ಟದ್ದಾದರೆ ಇವು ಹೇಗೆ ಹೆಚ್ಚಾದವು?

ಇನ್ನೊಂದು ಮಾತು, ಇದು ಮನಸ್ಸಿಗೆ ಹತ್ತಿರದ್ದು. ಸ್ಟೀಲ್ ಚರೆ ಹಗುರ. ದೂರಕ್ಕೆ ಹೋದಂತೆ ಬಲ ಕಳೆದುಕೊಳ್ಳುತ್ತದೆ. ಹಕ್ಕಿ ಸಾಯುವುದಿಲ್ಲ, ಗಾಯಗೊಂಡು ಹಾರಿಹೋಗುತ್ತದೆ. ಅದು ವಾರಗಟ್ಟಲೆ ನರಳುವುದು ನಿಮಗೆ ಒಪ್ಪಿಗೆಯಾ? ನನ್ನ ತಂದೆಯಿಂದ ಬಂದ ಜೋಡುನಳಿಗೆ ಕೋವಿ ಇದೆ. ಅದಕ್ಕೆ ಸ್ಟೀಲ್ ಹಾಕಿದರೆ ನಳಿಗೆ ಉಬ್ಬುತ್ತದೆ. ಅದನ್ನು ಗೋಡೆಗೆ ನೇತು ಹಾಕಲಾ?

ನಿಷೇಧ ಅನ್ನುವುದು ಬಾಗಿಲ ಸಂದಿಗೆ ಕಾಲು ಇಡುವ ಕೆಲಸ. ಮೊದಲು ಸೀಸ, ಆಮೇಲೆ ಕೋವಿ, ಆಮೇಲೆ ಬೇಟೆ. ನಮ್ಮವರಿಗೆ ಇದೇ ಹೆದರಿಕೆ, ಇದನ್ನು ಸುಮ್ನೆ ತಳ್ಳಿಹಾಕಬೇಡಿ.

ಗದ್ದೆಬಾತು:

ಹಳೇಕೋವಿಯವರೇ, ನೀವು ಬಂದದ್ದು ಒಳ್ಳೆಯದಾಯಿತು. ತೆರಿಗೆಯ ಮಾತು ಪೂರ್ತಿ ಒಪ್ಪುತ್ತೇನೆ.

ಹದ್ದಿನ ಲೆಕ್ಕ ಮಾತ್ರ ಅರ್ಧ. ಅವು ಹೆಚ್ಚಾದದ್ದು 1972ರಲ್ಲಿ ಡಿಡಿಟಿ ನಿಲ್ಲಿಸಿದ್ದರಿಂದ. ಡಿಡಿಟಿಯಿಂದ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ ಕಾವು ಕೂತರೆ ಒಡೆಯುತ್ತಿತ್ತು. ಒಂದು ದೊಡ್ಡ ವಿಷ ಹೋಯಿತು, ಹಕ್ಕಿ ಚೇತರಿಸಿಕೊಂಡಿತು. ಹಾಗಂತ ಎರಡನೇ ವಿಷ ವಿಷವೇ ಅಲ್ಲ ಅಂತ ಆಗುವುದಿಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. 38 ರಾಜ್ಯಗಳ 1,210 ಹದ್ದುಗಳು. ಬಾಲ್ಡ್ ಈಗಲ್, ಗೋಲ್ಡನ್ ಈಗಲ್ ಎರಡರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷ. ಮೂಳೆಯಲ್ಲಿದೆ ಅಂದರೆ ಒಂದು ಸಲ ತಿಂದದ್ದಲ್ಲ, ಜೀವಮಾನದಲ್ಲಿ ಮತ್ತೆ ಮತ್ತೆ ತಿಂದದ್ದು. ಇದರಿಂದ ಸಂಖ್ಯೆ ಬೆಳೆಯುವ ವೇಗ ವರ್ಷಕ್ಕೆ ಬಾಲ್ಡ್ ಈಗಲ್‌ನಲ್ಲಿ 3.8%, ಗೋಲ್ಡನ್ ಈಗಲ್‌ನಲ್ಲಿ 0.8% ತಗ್ಗಿದೆ ಅಂತ ಅಂದಾಜು ಮಾಡಿದ್ದಾರೆ. ಎರಡನೆಯದು ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಗೋಲ್ಡನ್ ಈಗಲ್ ಮೊದಲೇ ಬೆಳೆಯದೆ ನಿಂತಲ್ಲೇ ನಿಂತಿರುವ ಹಕ್ಕಿ. ನಿಂತವನನ್ನು ಬೀಳಿಸಲು ಜೋರಾಗಿ ತಳ್ಳಬೇಕಾಗಿಲ್ಲ.

ಕಾಯ್ದೆಪುಟ:

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಇದು ಹೊಸ ಜಗಳ ಅಲ್ಲ, ಬೇರೆ ಬೇರೆ ಕಡೆ ಬೇರೆ ಬೇರೆ ಹಂತಕ್ಕೆ ಬಂದು ನಿಂತಿದೆ.

ಅಮೆರಿಕ 1991ರಿಂದ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ದೇಶದಾದ್ಯಂತ ನಿಲ್ಲಿಸಿತು. ಆಗಲೂ ಹಳೇಕೋವಿಯವರ ಮಾತುಗಳೇ ಬಂದಿದ್ದವು: ಗಾಯದ ಹಕ್ಕಿ ಜಾಸ್ತಿಯಾಗುತ್ತದೆ, ಕೋವಿ ಹಾಳಾಗುತ್ತದೆ, ಬೇಟೆಯೇ ಮುಗಿಯುತ್ತದೆ. ಬಾತು ಬೇಟೆ ಇವತ್ತಿಗೂ ನಡೆಯುತ್ತಿದೆ. 1997ರ ಒಂದೇ ಹಂಗಾಮಿನಲ್ಲಿ ಸುಮಾರು 14 ಲಕ್ಷ ಬಾತುಗಳು ಸೀಸದ ಸಾವಿನಿಂದ ಉಳಿದವು ಅಂತ ಆಮೇಲೆ ಲೆಕ್ಕ ಹಾಕಿದರು.

ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿ ನಿಲ್ಲಿಸಿತು. 2024ರ ಏಪ್ರಿಲ್‌ನಿಂದ ರೈಫಲ್ ಗುಂಡಿಗೂ ಅದೇ ನಿಯಮ. ಜಪಾನಿನ ಹೊಕ್ಕೈಡೋದಲ್ಲಿ ಜಿಂಕೆಯ ಅಳಿದುಳಿದದ್ದನ್ನು ತಿಂದು ಕಡಲಹದ್ದುಗಳು ಸತ್ತವು. ಅಲ್ಲಿ 2000ದಿಂದ ಜಿಂಕೆ ಬೇಟೆಗೆ ಸೀಸದ ರೈಫಲ್ ಗುಂಡು ಬಂದ್. ಯುರೋಪಿಯನ್ ಒಕ್ಕೂಟದಲ್ಲಿ 2023ರ ಫೆಬ್ರವರಿಯಿಂದ ಕೆರೆ, ಜೌಗು ಇಂಥ ಜಾಗಗಳಲ್ಲಿ ಮತ್ತು ಅವುಗಳಿಂದ 100 ಮೀಟರ್ ಒಳಗೆ ಸೀಸದ ಚರೆ ಹಾರಿಸುವಂತಿಲ್ಲ. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿತು. ಹಂತ ಹಂತವಾಗಿ ಬಂದು 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಅನ್ವಯ.

ಹಿಂದಕ್ಕೆ ಹೋದವರೂ ಇದ್ದಾರೆ. ನಾರ್ವೆ 2005ರಲ್ಲಿ ಸೀಸದ ಚರೆ ನಿಲ್ಲಿಸಿತ್ತು. 2015ರಲ್ಲಿ ಅಲ್ಲಿನ ಸಂಸತ್ತೇ ಜೌಗು ಪ್ರದೇಶ ಬಿಟ್ಟು ಉಳಿದ ಕಡೆ ಮತ್ತೆ ಬಿಟ್ಟಿತು. ಅಮೆರಿಕದ್ದು ಇನ್ನೂ ತಮಾಷೆ. 2017ರ ಜನವರಿ 19ರಂದು, ಅಂದರೆ ಸರ್ಕಾರ ಬದಲಾಗುವ ಹಿಂದಿನ ದಿನ, ವನ್ಯಜೀವಿ ಇಲಾಖೆಯ ಮುಖ್ಯಸ್ಥ ಡ್ಯಾನ್ ಆಶ್ ಅಭಯಾರಣ್ಯಗಳಲ್ಲಿ ಸೀಸವನ್ನು ಹಂತ ಹಂತವಾಗಿ ನಿಲ್ಲಿಸುವ ಆದೇಶ ಹೊರಡಿಸಿದರು. ಮಾರ್ಚ್ 2ರಂದು ಹೊಸ ಮಂತ್ರಿ ರಯಾನ್ ಝಿಂಕಿ ಕುದುರೆ ಏರಿ ಕಚೇರಿಗೆ ಬಂದರು. ನಿಜವಾಗಿಯೂ ಕುದುರೆ! ಬಂದ ಮೊದಲ ದಿನವೇ ಆ ಆದೇಶ ರದ್ದು. ಆದೇಶದ ಆಯುಷ್ಯ ಆರು ವಾರ. ಹೊರಡುವ ಗಳಿಗೆಯಲ್ಲಿ, ಯಾರನ್ನೂ ಜೊತೆಗೆ ಕರೆದುಕೊಳ್ಳದೆ ಮಾಡಿದ ನಿಯಮಕ್ಕೆ ಬೇರು ಇರುವುದಿಲ್ಲ. ಇದು ನನ್ನ ಅಭಿಪ್ರಾಯ. ಆಶ್ ಅವರ ಉದ್ದೇಶ ಸರಿಯಿತ್ತು, ಗಳಿಗೆ ಸರಿಯಿರಲಿಲ್ಲ.

ಹಳೇಕೋವಿ:

ಅದನ್ನೇ ನಾನೂ ಹೇಳುವುದು. ಮೇಲಿನಿಂದ ಹೇರಬೇಡಿ. ಅರಿಜೋನಾ ನೋಡಿ. ಕ್ಯಾಲಿಫೋರ್ನಿಯಾದ ಹಾಗೆ ಅಲ್ಲೂ ಕಾಂಡೋರ್ ಅನ್ನುವ ಅಪರೂಪದ ದೊಡ್ಡ ರಣಹದ್ದು ಇದೆ, ಕಾನೂನು ಇಲ್ಲ. 2005ರಿಂದ ಅಲ್ಲಿನ ಬೇಟೆ ಇಲಾಖೆ ಕಾಂಡೋರ್ ಓಡಾಡುವ ಜಾಗದ ಬೇಟೆಗಾರರಿಗೆ ಸೀಸ ಇಲ್ಲದ ಗುಂಡನ್ನು ಬಿಟ್ಟಿಯಾಗಿ ಕೊಡುತ್ತಿದೆ. ಸೀಸ ಹೊಡೆದವನು ಪ್ರಾಣಿಯ ಕರುಳು, ಒಳಭಾಗ ಎಲ್ಲ ಚೀಲದಲ್ಲಿ ತುಂಬಿ ತಂದು ಕೊಟ್ಟರೆ ಲಾಟರಿ ಚೀಟಿ, ಬಹುಮಾನ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಸೇರಿಕೊಂಡರು. ಪೊಲೀಸ್ ಬೇಕಾಗಲಿಲ್ಲ, ದಂಡ ಬೇಕಾಗಲಿಲ್ಲ. ಬೇಟೆಗಾರನಿಗೆ ಮರ್ಯಾದೆ ಕೊಟ್ಟು ಕೇಳಿದರೆ ಕೇಳುತ್ತಾನೆ.

ಕಾಯ್ದೆಪುಟ:

ಒಳ್ಳೆಯ ಉದಾಹರಣೆ, ಒಪ್ಪಿದೆ. ಈಗ ಅದರ ಪಕ್ಕದಲ್ಲೇ ಬ್ರಿಟನ್ ಇಡುತ್ತೇನೆ.

2020ರಲ್ಲಿ ಅಲ್ಲಿನ ಒಂಬತ್ತು ಬೇಟೆ ಮತ್ತು ಗ್ರಾಮೀಣ ಸಂಘಟನೆಗಳು ತಾವೇ ಮುಂದೆ ಬಂದು ಹೇಳಿದವು: ಕಾನೂನು ಬೇಡ, ಐದು ವರ್ಷ ಕೊಡಿ, ಸೀಸದ ಚರೆ ನಾವೇ ಬಿಡುತ್ತೇವೆ. ಒಳ್ಳೆಯ ಮಾತು, ಅಲ್ವಾ? ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಪ್ರತಿ ವರ್ಷ ಮಾರಾಟಕ್ಕೆ ಬಂದ ಫೆಸೆಂಟ್ ಹಕ್ಕಿಗಳನ್ನು ಕೊಂಡು, ಒಳಗಿನ ಚರೆ ಹೆಕ್ಕಿ ಪರೀಕ್ಷೆ ಮಾಡಿದರು. ಮೊದಲ ವರ್ಷ ಚರೆ ಸಿಕ್ಕ 180 ಹಕ್ಕಿಗಳಲ್ಲಿ 179ರಲ್ಲಿ ಸೀಸ. ಸರಿ, ಶುರು ಅಷ್ಟೇ ಅಂದುಕೊಂಡರು. ಐದನೇ ವರ್ಷ? ನೂರಕ್ಕೆ 99.

ಐದು ವರ್ಷದಲ್ಲಿ ಅಂಥ ಬದಲಾವಣೆ ಏನೂ ಆಗಲಿಲ್ಲ. ಕೊನೆಗೆ 2025ರ ಜುಲೈನಲ್ಲಿ ಸರ್ಕಾರವೇ ನಿಷೇಧ ಘೋಷಿಸಿತು, ಮೂರು ವರ್ಷದ ಕಾಲಾವಕಾಶದ ಜೊತೆ.

ಕಾನೂನು ಇದ್ದರೆ ಸಾಕು ಅಂತಲೂ ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1999ರಿಂದಲೇ ಬಾತುಗಳಿಗೆ ಸೀಸ ಹೊಡೆಯುವಂತಿರಲಿಲ್ಲ. ಆದರೆ ಹತ್ತು ವರ್ಷದ ನಂತರ ಮಾರಾಟಕ್ಕೆ ಬಂದ ಬಾತುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 70ರಲ್ಲಿ ಸೀಸವೇ ಸಿಕ್ಕಿತು. ಕಾನೂನು ಪುಸ್ತಕದಲ್ಲಿತ್ತು, ಕೆರೆ ದಂಡೆಯಲ್ಲಿ ಇರಲಿಲ್ಲ. ತೋಟಾ ಅಂಗಡಿಯಲ್ಲಿ ಸಿಗುವವರೆಗೆ, ಯಾರೂ ಕೇಳದಿರುವವರೆಗೆ, ಕೈ ಹಳೆಯ ಡಬ್ಬಿಗೇ ಹೋಗುತ್ತದೆ. ಡೆನ್ಮಾರ್ಕ್‌ನಲ್ಲಿ ಎಲ್ಲ ಕಡೆ ಒಂದೇ ನಿಯಮ ಇಟ್ಟರು. ಈ ಹಕ್ಕಿಗೆ ಹೌದು, ಆ ಹಕ್ಕಿಗೆ ಇಲ್ಲ ಅನ್ನುವ ಗೊಂದಲ ಇಡಲಿಲ್ಲ. ವ್ಯತ್ಯಾಸ ಅಲ್ಲಿದೆ ಅಂತ ನನ್ನ ಅನಿಸಿಕೆ.

ತೋಟದಮನೆ:

ಬೇಟೆಯಾಡುವವರೇ ವಿಷ ತಿಂದು ಸಾಯಲಿ ಬಿಡಿ, ಪಾಪದ ಹಕ್ಕಿಗಳು

ನಿರ್ವಾಹಕರು:

ತೋಟದಮನೆಯವರೇ, ಈ ಎಳೆಯಲ್ಲಿ ಇಂಥ ಮಾತು ಬೇಡ. ಇನ್ನೊಮ್ಮೆ ಬಂದರೆ ತೆಗೆಯುತ್ತೇವೆ. ಚರ್ಚೆ ಚೆನ್ನಾಗಿ ಹೋಗುತ್ತಿದೆ, ಹಾಗೇ ಹೋಗಲಿ.

ರೆಕ್ಕೆವೈದ್ಯೆ:

ಅರಿಜೋನಾ ವಿಷಯಕ್ಕೆ ವಾಪಸ್ ಬರುತ್ತೇನೆ, ಹಳೇಕೋವಿಯವರೇ. ಹತ್ತರಲ್ಲಿ ಎಂಟು ಅನ್ನುವುದು ನಿಜವಾಗಿಯೂ ದೊಡ್ಡ ವಿಷಯ. ಆದರೆ ಕಾಂಡೋರ್‌ಗೆ ಅದು ಸಾಲುವುದಿಲ್ಲ. ಅದರ ಬದುಕೇ ಹಾಗಿದೆ.

ಕಾಂಡೋರ್ ಒಂಬತ್ತು ಅಡಿಗೂ ಅಗಲದ ರೆಕ್ಕೆಯ ಹಕ್ಕಿ. ಸತ್ತದ್ದನ್ನು ಮಾತ್ರ ತಿನ್ನುತ್ತದೆ. ಒಂದು ಶವಕ್ಕೆ ಗುಂಪಾಗಿ ಇಳಿಯುತ್ತವೆ. ಒಂದೇ ಜಿಂಕೆಯಲ್ಲಿ ಸೀಸ ಇದ್ದರೆ ಗುಂಪಿಗೇ ವಿಷ. ಲೆಕ್ಕ ಹಾಕಿ: ಒಂದು ಹಕ್ಕಿ ವರ್ಷಕ್ಕೆ ನೂರು ಶವದಲ್ಲಿ ತಿನ್ನುತ್ತದೆ ಅಂದುಕೊಳ್ಳೋಣ. ಇನ್ನೂರರಲ್ಲಿ ಒಂದರಲ್ಲಿ ಮಾತ್ರ ಸೀಸ ಇದೆ ಅಂತಲೂ ಇಟ್ಟುಕೊಳ್ಳೋಣ. ಆದರೂ ಸರಾಸರಿ ಎರಡು ವರ್ಷಕ್ಕೊಮ್ಮೆ ಅದಕ್ಕೆ ಸೀಸ ಸಿಗುತ್ತದೆ. ಆ ಹಕ್ಕಿ ಐವತ್ತು ವರ್ಷ ಬದುಕಬಲ್ಲದು. ಆರು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದು ಮೊಟ್ಟೆ. ದೊಡ್ಡ ಹಕ್ಕಿ ಒಂದು ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು.

1982ರಲ್ಲಿ ಉಳಿದದ್ದು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದರು, ಒಟ್ಟು 27. ಸಾಕಿ, ಮರಿ ಮಾಡಿಸಿ, 1992ರಿಂದ ಮತ್ತೆ ಬಿಟ್ಟರು. ಈಗ ಸಾಕಿದ್ದು, ಕಾಡಿನದ್ದು ಸೇರಿ 500 ದಾಟಿದೆ. ಕಾಡಿನಲ್ಲಿ ಸತ್ತವುಗಳಲ್ಲಿ ಕಾರಣ ತಿಳಿದವನ್ನು ತೆಗೆದುಕೊಂಡರೆ ಮೊದಲ ಸ್ಥಾನ ಸೀಸದ್ದು.

ಈಗಲೂ ಅವುಗಳನ್ನು ಆಗಾಗ ಬೋನಿಗೆ ಹಿಡಿದು ಪರೀಕ್ಷೆ ಮಾಡುತ್ತಾರೆ. ಒಬ್ಬರು ಕೊಕ್ಕು ಹಿಡಿಯಬೇಕು, ಒಬ್ಬರು ಮೈಯನ್ನು ತೋಳಲ್ಲಿ ಅವುಚಿಕೊಳ್ಳಬೇಕು, ಇನ್ನೊಬ್ಬರು ಕಾಲಿನ ನರದಿಂದ ರಕ್ತ ತೆಗೆಯಬೇಕು. ಸೀಸ ಜಾಸ್ತಿ ಇದ್ದರೆ ಆಸ್ಪತ್ರೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಯ ಚುಚ್ಚುಮದ್ದು, ದಿನಾ. ವಾಸಿ ಮಾಡಿ ಮತ್ತೆ ಅದೇ ಆಕಾಶಕ್ಕೆ ಬಿಡುತ್ತಾರೆ. ಕೆಲವು ಹಕ್ಕಿಗಳಿಗೆ ಇದು ಮತ್ತೆ ಮತ್ತೆ ಆಗಿದೆ. ತೂತು ಕೊಡಕ್ಕೆ ನೀರು ಸೇದಿದ ಹಾಗೆ.

ಬರೀಪ್ರಶ್ನೆ:

ದಕ್ಷಿಣ ಏಷ್ಯಾದ ರಣಹದ್ದುಗಳ ಡೈಕ್ಲೋಫಿನಾಕ್ ಕಥೆಯೇ ನೆನಪಾಯಿತು. ಅಲ್ಲೂ ಹೀಗೇ ಅಲ್ವಾ, ಸತ್ತ ದನದೊಳಗೆ ಉಳಿದ ಆ ನೋವಿನ ಔಷಧಿ ತಿಂದು ಸತ್ತವು. 2006ರಲ್ಲಿ ಭಾರತದಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು.

ರೆಕ್ಕೆವೈದ್ಯೆ:

ಹೌದು, ಅದೇ ಜಾತಿಯ ಕಥೆ. ಅಲ್ಲೂ ನೂರರಲ್ಲಿ ಒಂದು ಹೆಣದಲ್ಲಿದ್ದರೂ ಸಾಕಾಗಿತ್ತು, ಹಕ್ಕಿಗಳು ಕುಸಿಯಲು. ಒಂದು ವ್ಯತ್ಯಾಸ ಇದೆ. ಆ ಔಷಧಿಗೆ ಮೆಲಾಕ್ಸಿಕ್ಯಾಂ ಅನ್ನುವ ಬದಲಿ ಪಶುವೈದ್ಯರ ಕೈಯಲ್ಲಿತ್ತು. ರೈತನಿಗೆ ಹಳೆಯ ಔಷಧಿಯ ಮೇಲೆ ಪ್ರೀತಿ ಏನೂ ಇರಲಿಲ್ಲ. ಕೋವಿ ಹಾಗಲ್ಲ. ಅದರಲ್ಲಿ ಅಪ್ಪನ ನೆನಪು ಇರುತ್ತದೆ.

ಇಬ್ಬರಮ್ಮ:

ಇಷ್ಟು ಹೊತ್ತು ಹಕ್ಕಿಗಳ ಮಾತೇ ಆಯಿತು. ಆ ಮಾಂಸ ತಿನ್ನುವ ಮಕ್ಕಳ ಬಗ್ಗೆ ಯಾರೂ ಕೇಳಲಿಲ್ಲವಲ್ಲ? ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗದ್ದೆಬಾತು:

ಕೇಳಿದ್ದು ಒಳ್ಳೆಯದಾಯಿತು ಮೇಡಂ. ಮೊದಲ ಪೋಸ್ಟಿನಲ್ಲಿ ಹೇಳಿದ ಅಧ್ಯಯನದ ಮುಂದಿನ ಭಾಗ ಅದೇ. ಆ 30 ಜಿಂಕೆಗಳನ್ನು ಮಾಂಸ ಕತ್ತರಿಸುವವರಿಗೆ ಕೊಟ್ಟು, ಮಾಮೂಲಿಯಂತೆ ಪೊಟ್ಟಣ ಮಾಡಿಸಿದರು. ಕೊಚ್ಚಿದ ಮಾಂಸದ 234 ಪೊಟ್ಟಣಗಳಲ್ಲಿ ನೂರಕ್ಕೆ 32ರಲ್ಲಿ ಲೋಹದ ಚೂರು. ಗಾಯದ ಜಾಗ ಕತ್ತರಿಸಿ ಬಿಸಾಡಿದ ಮೇಲೂ! ಆ ಮಾಂಸ ತಿನ್ನಿಸಿದ ಹಂದಿಗಳ ರಕ್ತದಲ್ಲಿ ಎರಡೇ ದಿನಕ್ಕೆ ಸೀಸ ಏರಿತು. ಹೊಟ್ಟೆಗೆ ಹೋದ ಚೂರು ಹಾಗೇ ಆಚೆ ಹೋಗುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

2008ರಲ್ಲಿ ನಾರ್ತ್ ಡಕೋಟಾದಲ್ಲಿ ಒಬ್ಬ ವೈದ್ಯರು, ಅವರೂ ಬೇಟೆಗಾರರೇ, ಬಡವರಿಗೆ ದಾನ ಕೊಟ್ಟ ಜಿಂಕೆ ಮಾಂಸದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಲೋಹ. ಸರ್ಕಾರ ಆ ಮಾಂಸ ಹಂಚಬೇಡಿ ಅಂತ ಹೇಳಬೇಕಾಯಿತು. ನನಗೆ ಬೇಜಾರಾದದ್ದು ಅಲ್ಲಿ. ಕೊಟ್ಟವನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದ.

ಹಳೇಕೋವಿ:

ಪೂರ್ತಿ ಹೇಳಿ ಸ್ವಾಮಿ. ಅದೇ ನಾರ್ತ್ ಡಕೋಟಾದಲ್ಲಿ ಆಮೇಲೆ 736 ಜನರ ರಕ್ತ ಪರೀಕ್ಷೆ ಮಾಡಿದರು. ಬೇಟೆ ಮಾಂಸ ತಿನ್ನುವವರಿಗೂ ತಿನ್ನದವರಿಗೂ ಇದ್ದ ವ್ಯತ್ಯಾಸ ಡೆಸಿಲೀಟರ್‌ಗೆ 0.30 ಮೈಕ್ರೋಗ್ರಾಂ. ಅದೊಂದು ವ್ಯತ್ಯಾಸವಾ?

ಗದ್ದೆಬಾತು:

ಅದು ನಿಜ, ನಾನು ಬರೆಯಬೇಕಿತ್ತು. ದೊಡ್ಡವರಿಗೆ ಚಿಕ್ಕ ವ್ಯತ್ಯಾಸವೇ. ಆದರೆ ಅದು ಸರಾಸರಿ. ಸೀಸ ಎಲ್ಲ ಪೊಟ್ಟಣಕ್ಕೂ ಸಮವಾಗಿ ಹಂಚಿರುವುದಿಲ್ಲ. ಯಾವ ಮಗುವಿನ ತಟ್ಟೆಗೆ ಯಾವ ಪೊಟ್ಟಣ ಅಂತ ಗೊತ್ತಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಸೀಸದ ಗುಂಡಿನ ಬೇಟೆ ಮಾಂಸ ಕೊಡಬೇಡಿ ಅನ್ನುವವರ ಮಾತು ಅದಕ್ಕೇ.

ಲೋಹಪಾಕ:

ಹಳೇಕೋವಿಯವರ ಕೋವಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ನೆಪ ಅಲ್ಲ, ನಿಜವಾದ ತೊಂದರೆ. ಸ್ಟೀಲ್ ಗಟ್ಟಿ, ಸೀಸದ ಹಾಗೆ ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ತುದಿ ಬಿಗಿಯಾದ ಹಳೇ ನಳಿಗೆಗೆ ಅಪಾಯವೇ. ಹಳೇ ಕೋವಿಗೆ ಬಿಸ್ಮತ್ ಇದೆ. ಘನ ಸೆಂಟಿಮೀಟರ್‌ಗೆ 9.8 ಗ್ರಾಂ, ಸೀಸಕ್ಕೆ ಹತ್ತಿರ, ಮೆತ್ತಗೂ ಇದೆ. ದುಬಾರಿ, ಅದನ್ನು ಮುಚ್ಚಿಡುವುದಿಲ್ಲ. ಟಂಗ್‌ಸ್ಟನ್ 19ಕ್ಕೂ ಜಾಸ್ತಿ ಭಾರ, ಇನ್ನೂ ದುಬಾರಿ. ಹೊಸ ಕೋವಿಗೆ ಸ್ಟೀಲ್ ಸಾಕು, ಚರೆ ಎರಡು ಸೈಜ್ ದೊಡ್ಡದು ತೆಗೆದುಕೊಂಡರೆ ಆಯಿತು. ದೂರದ ಹೊಡೆತ ಬಿಡಬೇಕು. ಗಾಯದ ಹಕ್ಕಿಯ ಸಮಸ್ಯೆಯಲ್ಲಿ ಅರ್ಧ ಲೋಹದ್ದು, ಅರ್ಧ ಆಸೆಯದ್ದು, ಬೇಜಾರು ಮಾಡಿಕೊಳ್ಳಬೇಡಿ.

ಬಗೆಹರಿಯದ್ದೂ ಇದೆ. .22 ರೈಫಲ್‌ನ ಸಣ್ಣ ಗುಂಡಿಗೆ ಒಳ್ಳೆಯ ಬದಲಿ ಸಿಗುವುದು ಕಷ್ಟ, ಗುರಿ ಚೆದರುತ್ತದೆ. ಅಳಿಲು ಹೊಡೆದು ಅಲ್ಲೇ ಬಿಡುವವರು ಬಳಸುವುದು ಅದನ್ನೇ, ಹದ್ದು ತಿನ್ನುವುದೂ ಆ ಅಳಿಲನ್ನೇ. ಇನ್ನೊಂದು, ಮರದಲ್ಲಿ ಹುಗಿದುಕೊಂಡ ಸ್ಟೀಲ್ ಚರೆ ಗರಗಸದ ಹಲ್ಲು ಮುರಿಯುತ್ತದೆ ಅಂತ ಕಾಡಿನ ಮಾಲೀಕರ ತಕರಾರು. ಅಮೆರಿಕದಲ್ಲಿ ಹಿತ್ತಾಳೆ ಗುಂಡಿನ ಕೆಲವು ಅಳತೆಗಳು ರಕ್ಷಣಾ ಕವಚ ಭೇದಿಸುವ ಗುಂಡಿನ ಕಾನೂನಿಗೆ ಸಿಕ್ಕಿಕೊಳ್ಳುತ್ತವೆ. ಒಂದು ಕಾನೂನು ಸೀಸ ಬಿಡು ಅನ್ನುತ್ತದೆ, ಇನ್ನೊಂದು ಬದಲಿ ಮುಟ್ಟಬೇಡ ಅನ್ನುತ್ತದೆ.

ಹಳೇಕೋವಿ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಳೆ ಇನ್ನೂ ತೆರೆದಿದೆ ಅಂದುಕೊಳ್ಳುತ್ತೇನೆ.

ಜಗಳವಾಡಿದ್ದು ಸಾಕು, ಹೊಡೆದು ನೋಡೋಣ ಅಂತ ತಾಮ್ರದ ಗುಂಡು ಒಂದು ಡಬ್ಬಿ ತಂದೆ. ಕಾಗದದ ಗುರಿಗೆ ಮಾತ್ರ, ಪ್ರಾಣಿಗಲ್ಲ. ಮೊದಲ ಮೂರು ಹೊಡೆತ ಎಲ್ಲೆಲ್ಲೋ ಹೋದವು. ಮನಸ್ಸಿನಲ್ಲಿ ಖುಷಿಯೇ ಆಯಿತು, ನಾನು ಹೇಳಿದ್ದು ಸರಿ ಅಂತ. ಆಮೇಲೆ ನಳಿಗೆಯನ್ನು ಚೆನ್ನಾಗಿ ಉಜ್ಜಿ ತೊಳೆದೆ. ಹಳೆಯ ಗುಂಡುಗಳ ಕೊಳೆ ಎಷ್ಟು ಬಂತು ಅಂದರೆ ಬಟ್ಟೆ ನೋಡಿ ನನಗೇ ನಾಚಿಕೆ. ಸ್ವಲ್ಪ ಹಗುರದ ಗುಂಡು ತೆಗೆದುಕೊಂಡು ದುರ್ಬೀನನ್ನು ಮತ್ತೆ ಹೊಂದಿಸಿದೆ. ನೂರು ಮೀಟರಿನಲ್ಲಿ ಐದು ಹೊಡೆತ. ಐದನ್ನೂ ಅಂಗೈಯಲ್ಲಿ ಮುಚ್ಚಬಹುದು. ಸೀಸದಲ್ಲೂ ನನ್ನ ಕೈ ಇಷ್ಟೇ.

ರೈಫಲ್‌ಗೆ ಇನ್ನು ಇದೇ. ಅಪ್ಪನ ಜೋಡುನಳಿಗೆಗೆ ಬಿಸ್ಮತ್ ವಿಚಾರಿಸಿದೆ, ಬೆಲೆ ಕೇಳಿ ಫೋನ್ ಇಟ್ಟೆ. ವರ್ಷಕ್ಕೆ ಒಂದು ಸಲ, ಅವರ ನೆನಪಿಗೆ ಹೊಡೆಯುವುದಾದರೆ ನಾಲ್ಕು ತೋಟಾ ಸಾಕು. ನೋಡೋಣ. ಕಾನೂನಿನ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಬ್ರಿಟನ್‌ನ ಆ 99 ಮಾತ್ರ ಚುಚ್ಚುತ್ತಿದೆ. ಮಾತು ಕೊಟ್ಟವರು ನಮ್ಮವರೇ ಅಲ್ವಾ.

ಒಂದು ಸಹಾಯ ಬೇಕು. ಮನೆಯಲ್ಲಿ ಎರಡು ಡಬ್ಬಿ ಸೀಸದ ತೋಟಾ, ಒಂದು ಚೀಲ ಬಿಡಿ ಚರೆ ಇದೆ. ಏನು ಮಾಡಲಿ? ಪರಿಚಯದವರೊಬ್ಬರು ಚರೆ ಕರಗಿಸಿ ಗಾಳಕ್ಕೆ ಭಾರ ಮಾಡಿಕೊಳ್ಳುತ್ತೇನೆ, ಕೊಡು ಅಂತಿದ್ದಾರೆ.

ಲೋಹಪಾಕ:

ಕೊಡಬೇಡಿ! ಮನೆಯಲ್ಲಿ ಕರಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಕರಗಿದ ಸೀಸದ ಹೊಗೆ ಮತ್ತು ಬೂದಿಪುಡಿ ಮನೆಯವರ ಶ್ವಾಸಕ್ಕೇ ಹೋಗುತ್ತದೆ. ತೋಟಾ ಬಿಚ್ಚಲೂ ಹೋಗಬೇಡಿ. ನಿಮ್ಮ ಕಡೆಯ ಲೈಸೆನ್ಸ್ ಕೊಡುವ ಕಚೇರಿಯಲ್ಲೋ, ಕೋವಿ ಮಾರುವವರಲ್ಲೋ ಕೇಳಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಹೇಳುತ್ತಾರೆ.

ರೆಕ್ಕೆವೈದ್ಯೆ:

ಗಾಳದ ಭಾರವೂ ಅದೇ ಕಥೆ. ದಾರ ಹರಿದು ನೀರಿನ ತಳಕ್ಕೆ ಹೋಗುತ್ತದೆ, ಹಂಸಗಳು ಹರಳು ಅಂತ ನುಂಗುತ್ತವೆ. ಬ್ರಿಟನ್‌ನಲ್ಲಿ ಹಂಸಗಳು ಹಾಗೆ ಸತ್ತೇ 1987ರಲ್ಲಿ ಸಣ್ಣ ಸೀಸದ ಭಾರಗಳನ್ನು ನಿಲ್ಲಿಸಿದ್ದು. ಚೀಲ ಅಲ್ಲೇ ಇರಲಿ, ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ.

ಹಳೇಕೋವಿ:

ಸರಿ ಮೇಡಂ. ಅಟ್ಟಕ್ಕೆ ಹಾಕಿದೆ. ಸೋಮವಾರ ಕಚೇರಿಗೆ ಫೋನ್ ಮಾಡುತ್ತೇನೆ.